ಹಿತ್ತಲ ಗಿಡವೂ ದೇಹದ ಕಾವಲೂ
(ಸಸ್ಯಸಾರಗಳು ರೋಗನಿರೋಧಕ ಶಕ್ತಿಯನ್ನು ಪ್ರಚೋದಿಸಬಲ್ಲವೆ?)



ತುಂಗೆಯ ದಡದ ಶಿವಮೊಗ್ಗ, ಭದ್ರೆಯ ದಡದ ಭದ್ರಾವತಿ, ಈ ಎರಡು ಊರುಗಳ ಸುತ್ತಲಿನ ಯಾವ ಹಳ್ಳಿಗೆ ಹೋದರೂ ಮನೆಯ ಹಿತ್ತಿಲಿನಲ್ಲಿ ಒಂದಿಷ್ಟು ಮದ್ದಿನ ಗಿಡಗಳು ಕಾಣಸಿಗುತ್ತವೆ. ಬೇಲಿಯ ಮೇಲೆ ಹಬ್ಬಿದ ಅಮೃತಬಳ್ಳಿ, ಅಂಗಳದ ಕಟ್ಟೆಯ ತುಳಸಿ, ಗದ್ದೆಯ ಬದುವಿನಲ್ಲಿ ತಾನಾಗಿ ಹುಟ್ಟುವ ನೆಲನೆಲ್ಲಿ, ಕಹಿಗೆ ಹೆಸರಾದ ನೆಲಬೇವು, ಇವೆಲ್ಲವೂ ನಮ್ಮ ಹಿರಿಯರು ಬಳಸಿ ಉಳಿಸಿಕೊಟ್ಟ ಸಂಪತ್ತು. 'ಹಿತ್ತಲ ಗಿಡ ಮದ್ದಲ್ಲ' ಎಂಬ ಗಾದೆಯನ್ನು ಹುಟ್ಟಿಸಿದವರು, ಕೈಗೆಟಕುವ ವಸ್ತುವಿನ ಬೆಲೆಯನ್ನು ಜನ ಅರಿಯರು ಎಂಬ ನೋವಿನಿಂದಲೇ ಹಾಗೆ ಹೇಳಿದ್ದಾರೆ. ಆದರೆ ಇಂದು ಪರಿಸ್ಥಿತಿ ತಿರುಗಿದೆ. 2020ರಲ್ಲಿ ಕೋವಿಡ್ ರೋಗ ಹರಡಿದಂದಿನಿಂದ ಹಿತ್ತಲ ಗಿಡವೇ ಎಲ್ಲಕ್ಕೂ ಮದ್ದು ಎಂಬ ನಂಬಿಕೆ ಬಲವಾಗಿದೆ. ಈ ಎರಡು ಮಾತುಗಳ ನಡುವೆ ಸತ್ಯವೆಲ್ಲಿದೆ ಎಂಬುದನ್ನು ಈ ಪಾಠದಲ್ಲಿ ವಿಚಾರ ಮಾಡೋಣ.

ಒಂದು ಮನೆಯ ಚಿತ್ರವನ್ನು ಕಲ್ಪಿಸಿಕೊಳ್ಳಿ. ಭದ್ರಾವತಿಗೆ ಸಮೀಪದ ಒಂದು ಹಳ್ಳಿ. ಮನೆಯಲ್ಲಿ ಒಂದೂವರೆ ತಿಂಗಳ ಕೂಸು. ಮರುದಿನ ಅಂಗನವಾಡಿಯಲ್ಲಿ ಲಸಿಕೆಯ ದಿನ. ಆಶಾ ಕಾರ್ಯಕರ್ತೆ ಬಂದು ತಿಳಿಸಿ ಹೋಗಿದ್ದಾರೆ. ಮನೆಯ ಹಿರಿಯರಾದ ಅಜ್ಜಿಯವರು, "ಸೂಜಿ ಚುಚ್ಚಿಸಿದರೆ ಮಗುವಿಗೆ ಜ್ವರ ಬರುತ್ತದೆ. ಅಮೃತಬಳ್ಳಿಯ ರಸ ಎರಡು ತೊಟ್ಟು ನೆಕ್ಕಿಸಿದರೆ ಸಾಕು, ಶಕ್ತಿ ತಾನಾಗಿ ಬರುತ್ತದೆ" ಎನ್ನುತ್ತಾರೆ. ಸೊಸೆ ಉತ್ತರ ಕೊಡಲಾರಳು. ಮಗ ತಾಯಿಯ ಮುಖವನ್ನೂ ಹೆಂಡತಿಯ ಮುಖವನ್ನೂ ನೋಡುತ್ತಾನೆ. ಅಜ್ಜಿಯ ಮಾತಿನ ಹಿಂದಿರುವುದು ಮೊಮ್ಮಗುವಿನ ಮೇಲಿನ ಅಕ್ಕರೆಯೇ ಹೊರತು ಬೇರೆಯಲ್ಲ. ಆದರೂ ಆ ಮನೆಯವರು ಮರುದಿನ ಏನು ಮಾಡತಕ್ಕದ್ದು? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಿರಿ.

1. ದೇಹದ ಕಾವಲುಗಾರರು

ಅಡಿಕೆ ತೋಟಕ್ಕೆ ಕಾವಲು ಇರುವಂತೆ ನಮ್ಮ ದೇಹಕ್ಕೂ ಕಾವಲಿದೆ. ಇದನ್ನೇ ರೋಗನಿರೋಧಕ ಶಕ್ತಿ ಎನ್ನುತ್ತೇವೆ. ಚರ್ಮವು ತೋಟದ ಬೇಲಿ. ಬೇಲಿ ದಾಟಿ ಬಂದ ರೋಗಾಣುಗಳನ್ನು ಎದುರಿಸುವವು ರಕ್ತದಲ್ಲಿರುವ ಬಿಳಿಯ ಕಣಗಳು. ಇವುಗಳಲ್ಲಿ ಮುಖ್ಯವಾಗಿ ಎರಡು ಬಗೆ.

ಮೊದಲನೆಯದು ಭಕ್ಷಕಕಣಗಳು. ಇವು ಹೊರಗಿನಿಂದ ಬಂದದ್ದು ಯಾವುದೇ ಆಗಿರಲಿ, ಅದನ್ನು ಹಿಡಿದು ನುಂಗುತ್ತವೆ. ಬಂದವನು ಯಾರೆಂದು ವಿಚಾರಿಸುವ ಗೋಜಿಗೆ ಇವು ಹೋಗುವುದಿಲ್ಲ. ಎರಡನೆಯದು ದುಗ್ಧಕಣಗಳು. ಇವು ಒಂದೊಂದು ರೋಗಾಣುವಿನ ಗುರುತನ್ನು ಬೇರೆಬೇರೆಯಾಗಿ ಹಿಡಿಯಬಲ್ಲವು. ಆ ರೋಗಾಣುವಿಗೇ ತಕ್ಕ ಪ್ರತಿಕಾಯಗಳೆಂಬ ಆಯುಧಗಳನ್ನು ತಯಾರಿಸುತ್ತವೆ. ಇವುಗಳಲ್ಲಿ ಕೆಲವು ಕಣಗಳು ಅನೇಕ ವರ್ಷಗಳವರೆಗೆ ಆ ಗುರುತನ್ನು ನೆನಪಿನಲ್ಲಿಟ್ಟುಕೊಳ್ಳುತ್ತವೆ. ಅದೇ ರೋಗಾಣು ಮತ್ತೊಮ್ಮೆ ಬಂದರೆ ಬೇಗನೆ ಕಾರ್ಯಪ್ರವೃತ್ತವಾಗುತ್ತವೆ.

ಕಾವಲುಗಾರನಿಗೆ ಎರಡು ಗುಣಗಳು ಬೇಕು. ಒಂದು, ಅವನು ಎಚ್ಚರವಾಗಿರಬೇಕು. ಇನ್ನೊಂದು, ಅವನಿಗೆ ಕಳ್ಳನ ಗುರುತು ತಿಳಿದಿರಬೇಕು. ಈ ಭೇದವನ್ನು ಚೆನ್ನಾಗಿ ನೆನಪಿಡಿರಿ. ಈ ಪಾಠದ ತಿರುಳು ಇದೇ ಆಗಿದೆ.

2. ಸಸ್ಯಸಾರವು ಮಾಡುವ ಕೆಲಸವೇನು?

ಕೆಲವು ಸಸ್ಯಗಳ ಸಾರಕ್ಕೆ ಬಿಳಿಯ ಕಣಗಳನ್ನು ಎಚ್ಚರಿಸುವ ಗುಣವಿರುವುದು ನಿಜ. ಅಮೃತಬಳ್ಳಿಯ ಕಾಂಡದಲ್ಲಿ ಸಕ್ಕರೆಯ ಕಣಗಳು ಸರಪಳಿಯಂತೆ ಜೋಡಿಸಲ್ಪಟ್ಟ ಬಹುಶರ್ಕರಗಳೆಂಬ ವಸ್ತುಗಳಿವೆ. ಭಕ್ಷಕಕಣಗಳ ಮೈಮೇಲೆ ರೋಗಾಣುಗಳ ಇರವನ್ನು ತಿಳಿಯುವ ಗ್ರಾಹಕಗಳಿರುತ್ತವೆ. ಈ ಬಹುಶರ್ಕರಗಳು ಅಂಥ ಗ್ರಾಹಕಗಳಿಗೆ ತಾಗಿದಾಗ, ರೋಗಾಣುವೇ ಬಂದಿತೆಂದು ಕಣಗಳು ಎಚ್ಚೆತ್ತುಕೊಳ್ಳುತ್ತವೆ. ನುಂಗುವ ಕೆಲಸವನ್ನು ಚುರುಕುಗೊಳಿಸುತ್ತವೆ ಮತ್ತು ಇತರ ಕಣಗಳಿಗೂ ಸುದ್ದಿ ಮುಟ್ಟಿಸುತ್ತವೆ.

ಈ ವಿಷಯವಾಗಿ ನಮ್ಮ ದೇಶದಲ್ಲಿಯೇ ಶ್ರದ್ಧೆಯಿಂದ ಸಂಶೋಧನೆ ನಡೆದಿದೆ. ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಡಾ. ಶಾರದಿನಿ ಡಹಾಣೂಕರ್ ಅವರೂ ಅವರ ಸಹೋದ್ಯೋಗಿಗಳೂ 1980 ಮತ್ತು 1990ರ ದಶಕಗಳಲ್ಲಿ ಅಮೃತಬಳ್ಳಿಯ ಸಾರವನ್ನು ಪ್ರಾಣಿಗಳಲ್ಲಿ ಪರೀಕ್ಷಿಸಿ, ಅದು ಭಕ್ಷಕಕಣಗಳನ್ನು ಚುರುಕುಗೊಳಿಸುವುದನ್ನು ತೋರಿಸಿದರು. ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ 1987ರಲ್ಲಿ ಸ್ಥಾಪನೆಯಾದ ಕುವೆಂಪು ವಿಶ್ವವಿದ್ಯಾಲಯದಲ್ಲಿಯೂ ಪಶ್ಚಿಮ ಘಟ್ಟದ ಸಸ್ಯಗಳ ಅಧ್ಯಯನ ನಡೆಯುತ್ತ ಬಂದಿದೆ. ಆದುದರಿಂದ ಹಿರಿಯರ ನಂಬಿಕೆಯೆಲ್ಲ ಹುರುಳಿಲ್ಲದ್ದು ಎಂದು ತಳ್ಳಿಹಾಕುವುದು ಸರಿಯಲ್ಲ.

ಆದರೆ ಒಂದು ಮಾತು. ತಮಟೆ ಬಾರಿಸಿ ಕಾವಲುಗಾರನನ್ನು ಎಬ್ಬಿಸಬಹುದು. ತಮಟೆಯ ಸದ್ದಿನಿಂದ ಅವನಿಗೆ ಕಳ್ಳನ ಮುಖ ಪರಿಚಯವಾಗುವುದಿಲ್ಲ. ಸಸ್ಯಸಾರವು ಎಚ್ಚರವನ್ನು ಉಂಟುಮಾಡೀತು. ದಡಾರದ ವೈರಾಣು ಯಾವುದು, ಗಂಟಲಮಾರಿಯ ರೋಗಾಣು ಯಾವುದು ಎಂಬ ಗುರುತನ್ನು ಅದು ಕಲಿಸಲಾರದು. ಆ ಗುರುತನ್ನು ಕಲಿಸುವುದು ಲಸಿಕೆ ಮಾತ್ರ, ಅಥವಾ ಬದುಕಿ ಉಳಿದರೆ ಆ ರೋಗವೇ.

3. ಗಾಜಿನ ತಟ್ಟೆಯಿಂದ ಮನುಷ್ಯನವರೆಗೆ

ಪ್ರಯೋಗಶಾಲೆಯಲ್ಲಿ ಗಾಜಿನ ತಟ್ಟೆಯಲ್ಲಿಟ್ಟ ರಕ್ತಕಣಗಳ ಮೇಲೆ ಸಸ್ಯಸಾರವನ್ನು ನೇರವಾಗಿ ಹಾಕುತ್ತಾರೆ. ನಾವು ಕುಡಿದ ಕಷಾಯವು ಹೊಟ್ಟೆಯಲ್ಲಿ ಜೀರ್ಣವಾಗಿ, ಕರುಳಿನಿಂದ ಹೀರಲ್ಪಟ್ಟು, ಯಕೃತ್ತನ್ನು ದಾಟಿ ಬಳಿಕ ರಕ್ತವನ್ನು ಸೇರಬೇಕು. ಈ ದಾರಿಯಲ್ಲಿ ಎಷ್ಟೋ ವಸ್ತುಗಳು ಒಡೆದುಹೋಗುತ್ತವೆ. ತಟ್ಟೆಯಲ್ಲಿ ಕಂಡ ಪರಿಣಾಮವು ದೇಹದಲ್ಲಿಯೂ ಕಂಡೀತೆಂಬ ಭರವಸೆಯಿಲ್ಲ. ಆದ್ದರಿಂದ ಮನುಷ್ಯರ ಮೇಲೆ ಪರೀಕ್ಷೆ, ಅದೂ ಹಲವು ಕಡೆಗಳಲ್ಲಿ ಮತ್ತೆ ಮತ್ತೆ, ನಡೆಯಲೇಬೇಕು.

ನೆಲನೆಲ್ಲಿಯ ಉದಾಹರಣೆಯನ್ನು ನೋಡಿರಿ. ಕಾಮಾಲೆಗೆ ಇದನ್ನು ಅರೆದು ಕುಡಿಸುವುದು ಮಲೆನಾಡಿನಲ್ಲಿ ಬಹುಕಾಲದ ರೂಢಿ. ಮದರಾಸಿನ ವೈದ್ಯವಿಜ್ಞಾನಿಗಳು ಹೆಪಟೈಟಿಸ್ ಬಿ ವೈರಾಣುವನ್ನು ರಕ್ತದಲ್ಲಿ ಹೊತ್ತಿದ್ದ ಜನರಿಗೆ ನೆಲನೆಲ್ಲಿಯ ಪುಡಿಯನ್ನು 30 ದಿನ ಕೊಟ್ಟು, 1988ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ಪುಡಿ ಪಡೆದ 37 ಜನರ ಪೈಕಿ 22 ಜನರ ರಕ್ತದಲ್ಲಿ ವೈರಾಣುವಿನ ಗುರುತು ಕಾಣದಾಯಿತು. ಜಗತ್ತೇ ಈ ಸುದ್ದಿಯತ್ತ ತಿರುಗಿ ನೋಡಿತು. ಆದರೆ ಅನಂತರ ಬೇರೆ ದೇಶಗಳಲ್ಲಿ ಇದೇ ಪ್ರಯೋಗವನ್ನು ಮಾಡಿದವರಿಗೆ ಅಂಥ ಫಲ ದೊರೆಯಲಿಲ್ಲ. ಆ ಸಂಶೋಧಕರು ಸುಳ್ಳು ಹೇಳಿದರೆಂದು ಇದರ ಅರ್ಥವಲ್ಲ. ಒಂದು ಪರೀಕ್ಷೆಯಿಂದ ಮದ್ದು ಸಿದ್ಧವಾಗುವುದಿಲ್ಲ ಎಂಬುದೇ ಇದರಿಂದ ಕಲಿಯತಕ್ಕ ನೀತಿ.

ಇತ್ತ ಹೆಪಟೈಟಿಸ್ ಬಿ ಲಸಿಕೆಯು ಅನೇಕ ದೇಶಗಳಲ್ಲಿ ಪರೀಕ್ಷೆಯನ್ನು ದಾಟಿ ಬಂದಿದೆ. ಈ ರೋಗವು ಹೆರಿಗೆಯ ಸಮಯದಲ್ಲಿ ತಾಯಿಯಿಂದ ಮಗುವಿಗೆ ಅಂಟಬಹುದು. ಆದುದರಿಂದಲೇ ಮಗು ಹುಟ್ಟಿದ 24 ಗಂಟೆಗಳ ಒಳಗೆ ಮೊದಲ ಚುಚ್ಚುಮದ್ದನ್ನು ಕೊಡುತ್ತಾರೆ. ಆ ಒಂದು ದಿನ ಕಳೆದುಹೋದರೆ ನೆಲನೆಲ್ಲಿಯ ರಸವು ಅದನ್ನು ತುಂಬಿಕೊಡಲಾರದು.

4. ಅಂಟುವಾಳದ ನೊರೆ ಕಲಿಸುವ ಪಾಠ

ಸಸ್ಯಸಾರವು ರೋಗನಿರೋಧಕ ಶಕ್ತಿಯನ್ನು ಪ್ರಚೋದಿಸುತ್ತದೆಂಬುದಕ್ಕೆ ಮನುಷ್ಯರಲ್ಲಿ ಸ್ಪಷ್ಟವಾಗಿ ರುಜುವಾತಾದ ಉದಾಹರಣೆ ಯಾವುದಾದರೂ ಇದೆಯೆ? ಇದೆ. ಅದು ದೊರೆತದ್ದು ಲಸಿಕೆಯೊಳಗೆ.

ಅಂಟುವಾಳದ ಕಾಯಿಯನ್ನು ನೀರಿನಲ್ಲಿ ಉಜ್ಜಿದಾಗ ನೊರೆ ಬರುವುದನ್ನು ನೀವು ನೋಡಿದ್ದೀರಿ. ನೊರೆಗೆ ಕಾರಣವಾದ ವಸ್ತುವಿಗೆ ಸಪೋನಿನ್ ಎಂದು ಹೆಸರು. ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ ಕ್ವಿಲ್ಲಾಯ ಎಂಬ ಮರವಿದೆ. ಅದರ ತೊಗಟೆಯಲ್ಲಿಯೂ ಸಪೋನಿನ್ ಇದ್ದು, ಅಲ್ಲಿನ ಜನ ಅದನ್ನು ಸಾಬೂನಿನಂತೆ ಬಳಸುತ್ತಿದ್ದರು. ಈ ತೊಗಟೆಯ ಸಾರವನ್ನು ಶುದ್ಧಿಗೊಳಿಸಿ ಲಸಿಕೆಯೊಂದಿಗೆ ಬೆರೆಸಿದರೆ, ದೇಹವು ಲಸಿಕೆಗೆ ಹೆಚ್ಚು ಬಲವಾಗಿ ಪ್ರತಿಕ್ರಿಯೆ ತೋರುತ್ತದೆ. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸುವ, ಆಫ್ರಿಕದ ಮಕ್ಕಳಿಗೆ ನೀಡಲಾಗುವ ಮಲೇರಿಯಾ ಲಸಿಕೆಯಲ್ಲಿ ಈ ಮರದ ಸಪೋನಿನ್ ಇದೆ. ವಿಶ್ವ ಆರೋಗ್ಯ ಸಂಸ್ಥೆಯು ಈ ಲಸಿಕೆಗೆ 2023ರ ಅಕ್ಟೋಬರ್‌ನಲ್ಲಿ ಶಿಫಾರಸು ನೀಡಿತು.

ಇಲ್ಲಿ ಗಮನಿಸಬೇಕಾದ ಅಂಶಗಳು ಮೂರು. ಸಾರವನ್ನು ಶುದ್ಧಿಗೊಳಿಸಿ, ಅಳೆದು, ಅತ್ಯಲ್ಪ ಪ್ರಮಾಣದಲ್ಲಿ ಬಳಸುತ್ತಾರೆ. ಸಾವಿರಾರು ಜನರ ಮೇಲೆ ಪರೀಕ್ಷೆ ನಡೆದ ನಂತರವೇ ಅದಕ್ಕೆ ಒಪ್ಪಿಗೆ ದೊರೆತಿದೆ. ಎಲ್ಲಕ್ಕಿಂತ ಮುಖ್ಯವಾಗಿ, ತೊಗಟೆಯ ಸಾರವೊಂದೇ ಯಾರನ್ನೂ ಮಲೇರಿಯಾದಿಂದ ಕಾಪಾಡುವುದಿಲ್ಲ. ಕಳ್ಳನ ಗುರುತನ್ನು ತೋರಿಸುವುದು ಲಸಿಕೆ; ಆ ಹೊತ್ತಿನಲ್ಲಿ ಕಾವಲುಗಾರನನ್ನು ಎಚ್ಚರವಾಗಿಡುವುದು ಸಸ್ಯಸಾರ. ಎರಡೂ ಕೂಡಿದಾಗ ಕೆಲಸ ಕೈಗೂಡುತ್ತದೆ. ಗಿಡವೂ ಲಸಿಕೆಯೂ ಪರಸ್ಪರ ವೈರಿಗಳೆಂದು ತಿಳಿಯುವವರು ಇದನ್ನು ನೆನೆಯಬೇಕು.

5. ಅತಿಯಾದರೆ ಅಮೃತವೂ ವಿಷ

'ಶಕ್ತಿ ಹೆಚ್ಚಿದಷ್ಟೂ ಒಳ್ಳೆಯದಲ್ಲವೆ?' ಎಂದು ನೀವು ಕೇಳಬಹುದು. ಹಾಗಲ್ಲ. ಸದಾ ಕೆರಳಿದ ಕಾವಲುಗಾರನು ಮನೆಯವರ ಮೇಲೆಯೇ ಕೈ ಮಾಡಬಹುದು. ಕೆಲವು ಜನರ ದೇಹದಲ್ಲಿ ಬಿಳಿಯ ಕಣಗಳು ತಮ್ಮದೇ ಅಂಗಗಳನ್ನು ಪರಕೀಯವೆಂದು ತಿಳಿದು ಹಾನಿಮಾಡುತ್ತವೆ. ಕೀಲುಗಳು ಊದಿಕೊಳ್ಳುವ ಒಂದು ಬಗೆಯ ಸಂಧಿವಾತ, ಥೈರಾಯ್ಡ್ ಗ್ರಂಥಿಯ ಕೆಲವು ರೋಗಗಳು, ಯಕೃತ್ತಿನ ಒಂದು ಬಗೆಯ ಉರಿಯೂತ, ಇವು ಹೀಗೆ ಬರುವಂಥವು. ಇಂಥವರಿಗೆ ಪ್ರಚೋದಕ ಮದ್ದು ಬೆಂಕಿಗೆ ತುಪ್ಪ ಸುರಿದಂತೆ ಆಗಬಹುದು.

ಕೋವಿಡ್ ಕಾಲದಲ್ಲಿ ನಮ್ಮ ದೇಶದ 13 ಆಸ್ಪತ್ರೆಗಳ ವೈದ್ಯರು ಅಮೃತಬಳ್ಳಿಯನ್ನು ಸೇವಿಸಿದ ಬಳಿಕ ಯಕೃತ್ತಿಗೆ ಪೆಟ್ಟುಬಿದ್ದ 43 ರೋಗಿಗಳ ವಿವರವನ್ನು ಒಟ್ಟುಗೂಡಿಸಿ 2022ರಲ್ಲಿ ಪ್ರಕಟಿಸಿದರು. ಅವರಲ್ಲಿ ಹಲವರಿಗೆ ಮೇಲೆ ಹೇಳಿದ ಯಕೃತ್ತಿನ ಉರಿಯೂತದ ಲಕ್ಷಣಗಳಿದ್ದವು. ಕೇಂದ್ರದ ಆಯುಷ್ ಮಂತ್ರಾಲಯವು ಅಮೃತಬಳ್ಳಿಯು ಸುರಕ್ಷಿತವೆಂದೂ, ಅದನ್ನು ಹೋಲುವ ಬೇರೊಂದು ಬಳ್ಳಿಯನ್ನು ತಪ್ಪಾಗಿ ಬಳಸಬಾರದೆಂದೂ ತಿಳಿಸಿತು. ಹೋಲುವ ಆ ಬಳ್ಳಿಯ ಕಾಂಡದ ಮೇಲೆ ಚಿಕ್ಕ ಚಿಕ್ಕ ಗಂಟುಗಳಂತಹ ಉಬ್ಬುಗಳು ಹೆಚ್ಚಾಗಿರುತ್ತವೆ.

ತಜ್ಞರ ಈ ಚರ್ಚೆಯಲ್ಲಿ ಯಾರ ವಾದ ಎಷ್ಟು ಸರಿ ಎಂಬುದನ್ನು ನಾವು ತೀರ್ಮಾನಿಸಬೇಕಾಗಿಲ್ಲ. ಎರಡು ವಾದಗಳಿಂದಲೂ ದಂಪತಿಗಳಿಗೆ ಸಿಗುವ ಬುದ್ಧಿವಾದ ಒಂದೇ. ಗುರುತು ತಿಳಿಯದ ಬಳ್ಳಿಯನ್ನು ಕೊಯ್ಯಬಾರದು. ಯಾರೋ ಹೇಳಿದರೆಂದು ತಿಂಗಳುಗಟ್ಟಲೆ ಕುಡಿಯಬಾರದು. ಕಣ್ಣು ಅಥವಾ ಮೂತ್ರ ಹಳದಿಯಾದರೆ, ಹಸಿವು ಕೆಟ್ಟರೆ, ಮೈ ಕೆರೆತ ಬಂದರೆ ಒಡನೆಯೇ ನಿಲ್ಲಿಸಿ ವೈದ್ಯರ ಬಳಿಗೆ ಹೋಗಬೇಕು.

6. ನಮ್ಮ ಜಿಲ್ಲೆಯೇ ಕಲಿಸಿದ ಪಾಠ

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲಿನ ಜನರೂ ಜ್ವರದಿಂದ ಮಲಗಿದರು. ಇದೇ ಮಂಗನ ಕಾಯಿಲೆ. ಜಗತ್ತಿನ ವೈದ್ಯಗ್ರಂಥಗಳಲ್ಲಿ ಈ ರೋಗಕ್ಕೆ ಕ್ಯಾಸನೂರು ಕಾಡಿನ ಹೆಸರೇ ಉಳಿದಿದೆ. ಉಣುಗುಗಳ ಕಡಿತದಿಂದ ಹರಡುವ ಈ ರೋಗದ ವೈರಾಣುವನ್ನೇ ಕೊಲ್ಲುವ ಔಷಧಿಯಿಲ್ಲ. ರೋಗಿಗೆ ಸಕಾಲದಲ್ಲಿ ಆರೈಕೆ ದೊರೆತರೆ ಬಹುಮಂದಿ ಬದುಕುತ್ತಾರೆ. 2018ರ ಕೊನೆಯಲ್ಲಿಯೂ 2019ರಲ್ಲಿಯೂ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಇದರಿಂದ ಜೀವಹಾನಿಯಾದದ್ದು ನಿಮ್ಮ ನೆನಪಿನಲ್ಲಿರಬಹುದು.

ಈ ರೋಗಕ್ಕೆ 1990ರಿಂದ ಲಸಿಕೆಯೊಂದನ್ನು ಕೊಡಲಾಗುತ್ತಿತ್ತು. ಅದರ ಗುಣವನ್ನು ಮತ್ತೆ ಮತ್ತೆ ಅಳೆದು ನೋಡಲಾಯಿತು. 2005ರಿಂದ 2010ರವರೆಗಿನ ಅಂಕಿಗಳನ್ನು ಪರಿಶೀಲಿಸಿದಾಗ, ಎರಡು ಸಲ ಪಡೆದವರಿಗೆ ಸುಮಾರು ಶೇಕಡಾ 62ರಷ್ಟು ರಕ್ಷಣೆ ಮಾತ್ರ ದೊರೆತಿರುವುದು ತಿಳಿದುಬಂದಿತು. ಕೊನೆಗೆ ಅದರ ಸತ್ವ ಸಾಲದೆಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಲಸಿಕೆಯಾದರೂ ಸರಿ, ಅಳತೆಗೆ ನಿಲ್ಲದಿದ್ದರೆ ಕೈಬಿಡಬೇಕು. ಇದು ವಿಜ್ಞಾನದ ತಕ್ಕಡಿ. ಗಿಡಮೂಲಿಕೆಯನ್ನೂ ಇದೇ ತಕ್ಕಡಿಯಲ್ಲಿ ತೂಗಿ ನೋಡಬೇಕೆಂಬುದೇ ನಮ್ಮ ಕೋರಿಕೆ. ಒಂದಕ್ಕೆ ಒಂದು ತಕ್ಕಡಿ, ಇನ್ನೊಂದಕ್ಕೆ ಇನ್ನೊಂದು ತಕ್ಕಡಿ ಆಗಬಾರದು.

ಮಂಗನ ಕಾಯಿಲೆಯನ್ನು ತಡೆಯುವುದೆಂದು ರುಜುವಾತಾದ ಕಷಾಯ ಯಾವುದೂ ಇಲ್ಲ. ಕಷಾಯ ಕುಡಿದ ಧೈರ್ಯದಿಂದ ಕಾಡಿಗೆ ಹೋಗಬೇಡಿರಿ. ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಹೆಚ್ಚಿನ ಎಚ್ಚರ ಅಗತ್ಯ. ಕಾಡಿಗೆ ಹೋಗಲೇಬೇಕಾದವರು ಮೈಮುಚ್ಚುವ ಬಟ್ಟೆ ಧರಿಸಿ, ಆರೋಗ್ಯ ಇಲಾಖೆಯವರು ಕೊಡುವ ಉಣುಗು ನಿವಾರಕ ತೈಲವನ್ನು ಹಚ್ಚಿಕೊಳ್ಳಬೇಕು. ಮರಳಿ ಬಂದೊಡನೆ ಬಿಸಿನೀರಿನಿಂದ ಸ್ನಾನ ಮಾಡಿ ಬಟ್ಟೆಗಳನ್ನು ಒಗೆಯಬೇಕು. ಸತ್ತ ಮಂಗವನ್ನು ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ತೀವ್ರ ಜ್ವರ, ತಲೆನೋವು, ಮೈಕೈನೋವು ಕಂಡರೆ ಆ ದಿನವೇ ಆರೋಗ್ಯ ಕೇಂದ್ರಕ್ಕೆ ಹೋಗಬೇಕು.

7. ದಂಪತಿಗಳು ಪಾಲಿಸಬೇಕಾದ ನಿಯಮಗಳು

(ಅ) ಗರ್ಭಿಣಿಯಾದಾಗ: ಮಗು ಬೇಕೆಂದು ನಿರೀಕ್ಷಿಸುವ ದಂಪತಿಗಳೂ ಗರ್ಭಿಣಿಯರೂ ವೈದ್ಯರನ್ನು ಕೇಳದೆ ಕಷಾಯ, ಪುಡಿ, ಲೇಹ್ಯಗಳನ್ನು ಸೇವಿಸಬಾರದು. ಜ್ವರಕ್ಕೆಂದು ಬಳಸುವ ನೆಲಬೇವನ್ನು ಗರ್ಭಿಣಿಯರಿಗೂ ಹಾಲೂಡಿಸುವ ತಾಯಂದಿರಿಗೂ ಕೊಡತಕ್ಕದ್ದಲ್ಲ. ಪತ್ನಿಯು ಯಾವ ಮದ್ದು ಸೇವಿಸುತ್ತಿದ್ದಾಳೆಂಬುದನ್ನು ಪತಿಯೂ ತಿಳಿದಿರಬೇಕು. ತಪಾಸಣೆಗೆ ಇಬ್ಬರೂ ಜೊತೆಯಾಗಿ ಹೋಗುವುದು ಒಳ್ಳೆಯದು.

(ಆ) ಕಬ್ಬಿಣದ ಮಾತ್ರೆ: ಗರ್ಭಿಣಿಗೆ ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆ ಕೊಡುತ್ತಾರೆ. ಚಹಾ, ಕಾಫಿ ಮತ್ತು ಒಗರು ಕಷಾಯಗಳಲ್ಲಿರುವ ಟ್ಯಾನಿನ್ ಎಂಬ ವಸ್ತು ಕಬ್ಬಿಣವು ರಕ್ತಕ್ಕೆ ಸೇರುವುದನ್ನು ಕುಗ್ಗಿಸುತ್ತದೆ. ಆದುದರಿಂದ ಇವೆರಡರ ನಡುವೆ ಒಂದೆರಡು ಗಂಟೆಗಳ ಅಂತರವಿರಲಿ. ನಿಂಬೆ, ನೆಲ್ಲಿಕಾಯಿಗಳು ಕಬ್ಬಿಣವನ್ನು ಹೀರಿಕೊಳ್ಳಲು ನೆರವಾಗುತ್ತವೆ. ಕಬ್ಬಿಣದ ಕಾರ್ಖಾನೆಗೆ ಹೆಸರಾದ ಭದ್ರಾವತಿಯ ಸೀಮೆಯಲ್ಲಿ ತಾಯಂದಿರ ರಕ್ತಕ್ಕೆ ಕಬ್ಬಿಣದ ಕೊರತೆ ಬರಬಾರದಷ್ಟೆ!

(ಇ) ಹಸುಗೂಸಿಗೆ: ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕೊಡಬೇಕು. ಮೊದಲ ದಿನಗಳ ದಪ್ಪ ಹಳದಿ ಹಾಲಿನಲ್ಲಿ ತಾಯಿಯ ಪ್ರತಿಕಾಯಗಳು ತುಂಬಿರುತ್ತವೆ. ಅದನ್ನು ಹಿಂಡಿ ಚೆಲ್ಲಬಾರದು. ಆರು ತಿಂಗಳು ತುಂಬುವವರೆಗೆ ಎದೆಹಾಲೇ ಆಹಾರ. ತೇಯ್ದ ಬಜೆ, ಜೇನು, ರಸ, ಕಷಾಯ ಯಾವುದೂ ಬೇಡ.

(ಈ) ದೀರ್ಘಕಾಲದ ಔಷಧಿ ಸೇವಿಸುವವರು: ಸಕ್ಕರೆ ಕಾಯಿಲೆ, ಸಂಧಿವಾತ, ಯಕೃತ್ತಿನ ರೋಗ ಇರುವವರು ಮೂಲಿಕೆ ಸೇವಿಸುವುದಾದರೆ ಚಿಕಿತ್ಸೆ ಕೊಡುವ ವೈದ್ಯರಿಗೆ ಮುಚ್ಚಿಡದೆ ಹೇಳಬೇಕು.

(ಉ) ಮದ್ದು ಕೊಳ್ಳುವಾಗ: ಹೆಸರು, ತಯಾರಿಕೆಯ ತಾರೀಖು, ಪರವಾನಗಿ ಸಂಖ್ಯೆ ಇಲ್ಲದ ಪೊಟ್ಟಣವನ್ನು ಕೊಳ್ಳಬೇಡಿರಿ. ಆಯುರ್ವೇದದಲ್ಲಿ ವಿಶ್ವಾಸವುಳ್ಳವರು ಪದವಿ ಪಡೆದ ವೈದ್ಯರನ್ನೇ ಕಾಣಬೇಕು. ಶಿವಮೊಗ್ಗ ನಗರದಲ್ಲಿ ಸರ್ಕಾರಿ ಆಯುರ್ವೇದ ವೈದ್ಯಕೀಯ ಕಾಲೇಜು ಇದೆ.

8. ಆ ಮನೆಯವರು ಏನು ಮಾಡಬೇಕು?

ಈಗ ಮೊದಲಿನ ಮನೆಗೆ ಮರಳೋಣ. ಒಂದೂವರೆ ತಿಂಗಳಿನಲ್ಲಿ, ಅನಂತರ ಎರಡೂವರೆ ಹಾಗೂ ಮೂರೂವರೆ ತಿಂಗಳುಗಳಲ್ಲಿ ಕೊಡುವ ಒಂದೇ ಚುಚ್ಚುಮದ್ದು ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ ಮತ್ತು ಹಿಬ್ ಎಂಬ ರೋಗಾಣುವಿನಿಂದ ಬರುವ ಮಿದುಳುಪೊರೆಯ ಜ್ವರ, ನ್ಯುಮೋನಿಯಾಗಳಿಂದ ಮಗುವನ್ನು ಕಾಯುತ್ತದೆ. ಚುಚ್ಚಿಸಿದ ಮೇಲೆ ಒಂದೆರಡು ದಿನ ಜ್ವರ ಬರಬಹುದು. ಅಜ್ಜಿಯವರು ಕಂಡದ್ದು ಸುಳ್ಳಲ್ಲ. ಆದರೆ ಆ ಜ್ವರವು ರೋಗವಲ್ಲ. ಕಾವಲುಗಾರನು ಕಳ್ಳನ ಗುರುತನ್ನು ಕಲಿಯುತ್ತಿರುವ ಚಿಹ್ನೆ. ಅದಕ್ಕೆ ಬೇಕಾದ ಔಷಧಿಯನ್ನೂ ಅದರ ಪ್ರಮಾಣವನ್ನೂ ಆರೋಗ್ಯ ಸಹಾಯಕಿಯೇ ತಿಳಿಸುತ್ತಾರೆ. ಜ್ವರ ಎರಡು ದಿನಕ್ಕಿಂತ ಹೆಚ್ಚು ಉಳಿದರೆ ಅಥವಾ ಮಗು ಹಾಲು ಕುಡಿಯದಿದ್ದರೆ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬೇಕು.

ಮಗನು ತಾಯಿಯೊಡನೆ ವಾದಕ್ಕೆ ನಿಲ್ಲಬೇಕಾಗಿಲ್ಲ. "ಅಮ್ಮಾ, ನಿಮ್ಮ ಬಳ್ಳಿ ಕಾವಲುಗಾರನನ್ನು ಎಬ್ಬಿಸೀತು. ಕಳ್ಳನ ಮುಖ ತೋರಿಸುವುದು ಲಸಿಕೆಯೇ. ನಾಳೆ ನೀವೂ ನಮ್ಮ ಜೊತೆಗೆ ಬನ್ನಿ, ಮಗು ನಿಮ್ಮ ಮಡಿಲಲ್ಲೇ ಇರಲಿ" ಎಂದು ಹೇಳಿದರೆ ಸಾಕು. ಅಕ್ಕರೆಯೂ ಉಳಿಯುತ್ತದೆ, ಮಗುವೂ ಉಳಿಯುತ್ತದೆ.

ಹಿತ್ತಲ ಗಿಡವನ್ನು ಗೌರವಿಸಿರಿ, ಬೆಳೆಸಿರಿ, ಗುರುತು ಹಿಡಿಯಲು ಮಕ್ಕಳಿಗೂ ಕಲಿಸಿರಿ. ಆದರೆ ಲಸಿಕೆಯ ಸ್ಥಾನದಲ್ಲಿ ಅದನ್ನು ಕೂರಿಸಬೇಡಿರಿ.

ಅಭ್ಯಾಸಕ್ಕಾಗಿ: ಪತಿಪತ್ನಿಯರು ಕುಳಿತು ಚರ್ಚಿಸಿರಿ

1. ಕಾವಲುಗಾರನನ್ನು ಎಚ್ಚರಿಸುವುದಕ್ಕೂ ಅವನಿಗೆ ಕಳ್ಳನ ಗುರುತು ಕಲಿಸುವುದಕ್ಕೂ ಇರುವ ಭೇದವೇನು?
2. ನೆಲನೆಲ್ಲಿಯ ಪರೀಕ್ಷೆಯಿಂದಲೂ ಮಂಗನ ಕಾಯಿಲೆಯ ಲಸಿಕೆಯಿಂದಲೂ ನಾವು ಕಲಿಯುವ ಪಾಠವೇನು?
3. ನಿಮ್ಮ ಮನೆಯಲ್ಲಿ ಈಗ ಯಾರು ಯಾವ ಮೂಲಿಕೆಯನ್ನು ಸೇವಿಸುತ್ತಿದ್ದಾರೆ? ಅದನ್ನು ವೈದ್ಯರಿಗೆ ತಿಳಿಸಿದ್ದೀರಾ?
4. ನಿಮ್ಮ ಮಗುವಿನ ತಾಯಿ ಕಾರ್ಡನ್ನು ಈ ಸಂಜೆಯೇ ತೆಗೆದು ನೋಡಿರಿ. ಮುಂದಿನ ಲಸಿಕೆಯ ದಿನ ಯಾವುದು?